ಅವ್ವನ ರಕ್ತ, ನನ್ನ ಸುಳಿ

ನನ್ನ ಬೆನ್ನ ಮೇಲೆ, ಕತ್ತಿನಿಂದ ನಾಲ್ಕು ಬೆರಳು ಕೆಳಗೆ, ಒಂದು ಸುಳಿ ಇದೆ. ನವಿರಾದ ಕೂದಲು ಒಂದು ಚುಕ್ಕೆಯ ಸುತ್ತ ತಿರುಗಿಕೊಂಡಿದೆ, ಅಷ್ಟೇ. ನಾನು ಅದನ್ನು ಕಣ್ಣಾರೆ ಕಂಡಿಲ್ಲ. ಆದರೆ ಸೇಡಂನ ನಮ್ಮ ಓಣಿಯಲ್ಲಿ ಅದನ್ನು ಕಾಣದ ಹೆಂಗಸರು ಇರಲಿಲ್ಲ. ನನ್ನ ಆಯಿ, ಅಂದರೆ ಅಪ್ಪನ ತಾಯಿ, ಎತ್ತು ಕೊಳ್ಳುವಾಗ ಸುಳಿ ನೋಡುವ ಒಕ್ಕಲು ಮನೆತನದಿಂದ ಬಂದವಳು. ಹಣೆಯ ಸುಳಿ ಎಲ್ಲಿದ್ದರೆ ಎತ್ತು ಮನೆಗೆ ಆಗಿಬರುತ್ತದೆ, ಬೆನ್ನಿನ ಸುಳಿ ಎಲ್ಲಿದ್ದರೆ ಕೊಟ್ಟಿಗೆ ಖಾಲಿ ಮಾಡುತ್ತದೆ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಅದೇ ಕಣ್ಣಿನಿಂದ ನನ್ನನ್ನೂ ನೋಡಿದಳು. ಈ ಹುಡುಗಿಯ ಹಿಂದೆ ಹುಟ್ಟಿದವು ಉಳಿಯುವುದಿಲ್ಲ ಎಂದು ತೀರ್ಪು ಕೊಟ್ಟಳು. ಎತ್ತಾಗಿದ್ದರೆ ಸಂತೆಗೆ ಹೊಡೆಯುತ್ತಿದ್ದಳು. ಹೆಣ್ಣುಮಗಳಾದ್ದರಿಂದ ರಾವೂರಿಗೆ ಕಳಿಸಿದಳು.

ತೀರ್ಪಿಗೆ ಸಾಕ್ಷಿ ಇರಲಿಲ್ಲವೆಂದಲ್ಲ. ಹೈದರಾಬಾದ್ ಸಂಸ್ಥಾನದಲ್ಲಿ ಪೊಲೀಸ್ ಆ್ಯಕ್ಷನ್ ಆದ ಮರುವರ್ಷ, ನನಗೆ ಐದು ತುಂಬಿದ್ದಾಗ, ತಮ್ಮ ಹುಟ್ಟಿದ. ನಮ್ಮಪ್ಪ ಶಾಲೆಯ ಮಾಸ್ತರ. ಅಲ್ಲಿಯವರೆಗೆ ಉರ್ದುವಿನಲ್ಲಿ ಪಾಠ ಹೇಳುತ್ತಿದ್ದವನು ಆಗ ಕನ್ನಡದಲ್ಲಿ ಹೇಳುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದ. ಪಡಸಾಲೆಯಲ್ಲಿ ನನ್ನ ಪಕ್ಕದಲ್ಲೇ ಕೂತು, ನನ್ನ ಪಾಟಿಯ ಮೇಲೆಯೇ ಒತ್ತಕ್ಷರ ತಿದ್ದುತ್ತಿದ್ದ. ಗಂಡು ಹುಟ್ಟಿತೆಂದು ಒಳಗಿನಿಂದ ಕೂಗು ಬಂದಾಗ ಪಾಟಿ ಬಿಸಾಕಿ ಎದ್ದ.

ಸೂಲಗಿತ್ತಿ ಕೂಸಿಗೆ ನೀರು ಹಾಕಿ, ಎಣ್ಣೆ ಕಲಸಿದ ಅರಿಷಿಣವನ್ನು ಅಡಿಯಿಂದ ಮುಡಿಯವರೆಗೆ ಬಳಿದು, ಹಳೆಯ ಸೀರೆಯಲ್ಲಿ ಸುತ್ತಿ ಅವ್ವನ ಮಗ್ಗುಲಿಗೆ ಹಾಕಿದಳು. ನಮ್ಮ ಕಡೆ ಹಸುಗೂಸು ಎಂದರೆ ಹಳದಿ ಬಣ್ಣದ್ದೇ. ಅರಿಷಿಣವಿಲ್ಲದ ಕೂಸನ್ನು ನೆರೆಯವರಿಗೆ ತೋರಿಸುವುದೆಂದರೆ ಉಡದೆ ಹೊರಗೆ ಬಂದಷ್ಟೇ ನಾಚಿಕೆ. ಬಾಣಂತಿಯ ಕೋಣೆಗೆ ಕಿಟಕಿ ಇಲ್ಲ. ಗೂಡಿನಲ್ಲಿ ಒಂದು ಎಣ್ಣೆ ದೀಪ. ಆ ಬೆಳಕಿನಲ್ಲಿ, ಆ ಬಳಿದ ಮೈಯಲ್ಲಿ, ಕೂಸಿನ ನಿಜವಾದ ಬಣ್ಣ ಯಾರಿಗೂ ಕಾಣುವಂತಿರಲಿಲ್ಲ.

ಮೂರನೆಯ ದಿನ ತಮ್ಮ ಮೊಲೆ ಕಚ್ಚುವುದನ್ನು ಬಿಟ್ಟ. ಸಣ್ಣ ದನಿಯಲ್ಲಿ, ಎಲ್ಲೋ ದೂರದಿಂದ ಬಂದಂತೆ ಅಳತೊಡಗಿದ. ಮೈಯನ್ನು ಹಿಂದಕ್ಕೆ ಬಿಲ್ಲಿನಂತೆ ಬಗ್ಗಿಸುತ್ತಿದ್ದ. ಆಯಿ ರೆಪ್ಪೆ ಬಿಡಿಸಿ ನೋಡಿದಾಗ ಕಣ್ಣಿನ ಬಿಳುಪೆಲ್ಲ ಹಳದಿ. "ಕಾಮಣಿ ಆಗ್ಯದ" ಎಂದಳು. ಕಾಮಣಿಗೆ, ಅಂದರೆ ಕಾಮಾಲೆಗೆ, ಬೇರಿನ ಸರ ಹಾಕುವ ಒಬ್ಬ ಮುದುಕನನ್ನು ಕರೆಸಿದರು. ಆ ಸರವನ್ನು ನೆತ್ತಿಯ ಮೇಲಿಟ್ಟರೆ ದಿನದಿನಕ್ಕೆ ಬೆಳೆದು ಕೊರಳಿಗೆ ಇಳಿಯುತ್ತದೆ, ಅದು ಬೆಳೆದಷ್ಟು ಕಾಮಣಿ ಇಳಿಯುತ್ತದೆ ಎಂದು ನಂಬಿಕೆ. ಸರವೇನೋ ಬೆಳೆಯಿತು. ಕೂಸು ಐದನೆಯ ದಿನ ಹೋಯಿತು.

ಎರಡು ವರ್ಷ ಬಿಟ್ಟು ತಂಗಿ ಹುಟ್ಟಿದಳು. ಅದೇ ಅರಿಷಿಣ, ಅದೇ ದೀಪ, ಅದೇ ದೂರದ ಅಳು. ಅವಳು ನಾಲ್ಕೇ ದಿನ ಇದ್ದಳು. ನನಗೆ ಈಗಲೂ ಸಿಟ್ಟು ಬರುವುದು ಒಂದೇ ಮಾತಿಗೆ. ಆ ನಾಲ್ಕು ದಿನವೂ ನಾನು ಅವಳ ಕೈಬೆರಳು ಹಿಡಿದುಕೊಂಡು ಕೂತಿದ್ದೆ, ಮತ್ತು ಅವಳು ಹೋದ ಮೇಲೆ, ಹಿಡಿದುಕೊಂಡಿದ್ದಕ್ಕೇ ಹೋದಳು ಎಂದರು.

ಅವ್ವ ನಾಲ್ಕನೆಯ ಸಲ ಬಸುರಾದಾಗ ಆಯಿ ಕಾಯಲಿಲ್ಲ. ಮೂರು ತಿಂಗಳು ತುಂಬಿದ್ದೇ ತಡ, ನನ್ನ ಎರಡು ಲಂಗ, ಒಂದು ಪಾಟಿ ಗಂಟು ಕಟ್ಟಿ, ವಾಡಿಯ ಹತ್ತಿರದ ರಾವೂರಿನಲ್ಲಿದ್ದ ಸೋದರತ್ತೆಯ ಮನೆಗೆ ಸಾಗಿಸಿದಳು. ನನಗೆ ಹತ್ತು ವರ್ಷ. ಅಪ್ಪನೇ ಬಿಟ್ಟುಬರಲು ಬಂದಿದ್ದ. ರೈಲಿನಲ್ಲಿ ನನ್ನ ಮುಖ ನೋಡಲಿಲ್ಲ. ಅವನು ಕೆಟ್ಟವನಲ್ಲ, ತಾಯಿಯ ಮುಂದೆ ಬಾಯಿ ಬಾರದವನು. ಆ ವಯಸ್ಸಿನಲ್ಲಿ ನನಗೆ ಅವೆರಡರ ನಡುವೆ ಹೆಚ್ಚು ವ್ಯತ್ಯಾಸ ಕಾಣುತ್ತಿರಲಿಲ್ಲ.

ರಾವೂರಿನಲ್ಲಿ ಎಲ್ಲಿ ನೋಡಿದರೂ ಕಲ್ಲು. ಅತ್ತೆಯ ಗಂಡ ಖಣಿಯಲ್ಲಿ ಪರ್ಸಿ ತೆಗೆಯುತ್ತಿದ್ದ. ಮನೆಗೆ ಹಾಸುವ ಆ ಚಪ್ಪಡಿ ಕಲ್ಲುಗಳನ್ನು ಪದರ ಪದರವಾಗಿ ಎಬ್ಬಿಸುವ ಸದ್ದು ಬೆಳಗಿನಿಂದ ಕೇಳುತ್ತಿತ್ತು. ಅತ್ತೆ ಆಯಿಯ ಮಗಳೇ ಆದರೂ ಆಯಿಯಂತಲ್ಲ. ನನ್ನ ಬೆನ್ನ ಕಡೆ ಒಮ್ಮೆಯೂ ಕಣ್ಣು ಹಾಕಲಿಲ್ಲ. ತಲೆ ಬಾಚಿ ಹೆಣೆಯುವಾಗ ಸುಳಿಯ ಮೇಲೆಯೇ ಕೈಯೂರುತ್ತಿದ್ದಳು. ಆದರೂ ಅದು ನನ್ನ ಮನೆಯಲ್ಲ. ನಾನು ದಿನಾ ಬೆಳಗ್ಗೆ ಎದ್ದು, "ನಾ ಏನು ಮಾಡೀನಿ?" ಎಂದು ಕೇಳುತ್ತಿದ್ದೆ. ಅತ್ತೆ ರೊಟ್ಟಿ ಕೊಡುತ್ತಿದ್ದಳು.

ಹೀಗಿರುವಾಗ ನನ್ನ ಕಿವಿ ಸೋರತೊಡಗಿತು. ಶಹಾಬಾದಿನಲ್ಲಿ ವಾರಕ್ಕೆ ಎರಡು ದಿನ ಹೆಂಗಸರು ಮಕ್ಕಳನ್ನು ನೋಡುವ ಒಬ್ಬ ಡಾಕ್ಟರಬಾಯಿ ಇದ್ದರು. ಅತ್ತೆ ನನ್ನನ್ನು ಅಲ್ಲಿಗೆ ಕರೆದೊಯ್ದಳು. ಡಾಕ್ಟರಬಾಯಿ ಆಂಧ್ರದ ಕಡೆಯವರು. ನಮ್ಮ ಮಾತು ಚೆನ್ನಾಗಿ ಕಲಿತಿದ್ದರು, ಸಿಟ್ಟು ಬಂದಾಗ ಮಾತ್ರ ತೆಲುಗು ಬರುತ್ತಿತ್ತು. ಕಿವಿಗೆ ಹತ್ತಿ ಇಡುತ್ತಾ ಕೇಳಿದರು:

"ಯಾವೂರು ನಿಂದು?"

"ಸೇಡಂ ರೀ."

"ಮತ್ತ ರಾವೂರಾಗ ಏನ್ ಮಾಡಾಕತ್ತಿ? ಸಾಲಿ ಇಲ್ಲೇನು?"

ಸುಮ್ಮನಿರು ಎಂದು ಅತ್ತೆ ನನ್ನ ತೋಳು ಚಿವುಟಿದಳು. ಚಿವುಟಿದ್ದೇ ತಪ್ಪಾಯಿತು. ಮೂರು ತಿಂಗಳಿಂದ, ಇಲ್ಲ, ಐದು ವರ್ಷದಿಂದ ಒಳಗಿದ್ದದ್ದೆಲ್ಲ ಒಂದೇ ಉಸಿರಿನಲ್ಲಿ ಹೊರಗೆ ಬಂತು. "ನನ್ನ ಬೆನ್ನ ಮ್ಯಾಲ ಕೆಟ್ಟ ಸುಳಿ ಅದರಿ. ನನ್ನ ಹಿಂದ ಹುಟ್ಟಿದವು ಕಾಮಣಿ ಆಗಿ ಸಾಯ್ತಾವರಿ. ಅವ್ವಗ ಈಗ ಆರು ತುಂಬ್ಯಾವ, ಅದಕ್ಕ ನನಗ ಮನಿ ಬಿಡಿಸ್ಯಾರ. ತೋರಸ್ಲೇನ್ರಿ ಸುಳಿ? ನೀವರೇ ನೋಡಿ ಹೇಳ್ರಿ, ಅದು ಯಾರಿಗಿ ಏನು ಮಾಡ್ಯದ?"

ಡಾಕ್ಟರಬಾಯಿ ನನ್ನ ಬೆನ್ನು ನೋಡಲಿಲ್ಲ. ಕೈಯಲ್ಲಿದ್ದ ಹತ್ತಿಯನ್ನು ಕೆಳಗಿಟ್ಟರು.

"ಎಷ್ಟು ಸತ್ತಾವ?"

"ಎರಡು ರೀ."

"ನೀ ಮೊದಲನೇಕಿ? ನಿನಗ ಕಾಮಣಿ ಆಗಿತ್ತಾ?"

ಈಗ ಅತ್ತೆ ಬಾಯಿ ಬಿಟ್ಟಳು. "ಇಲ್ರಿ ಬಾಯಾರೆ. ಇಕಿ ಹುಟ್ಟಿದಾಗ ಗುಂಡಕಲ್ಲಿನಂಗ ಇದ್ದಳು."

"ಆ ಎರಡಕ್ಕ ಹಳದಿ ಯಾವಾಗ ಕಾಣಿಸ್ತು? ಹುಟ್ಟಿದ ದಿನಾನೇ, ಇಲ್ಲಾ ಮೂರನೇ ದಿನಾ? ಜರಾ ನೆನಪ ಮಾಡಿ ಹೇಳ್ರಿ."

ಅತ್ತೆ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. "ಹೆಂಗ ಗೊತ್ತಾಗಬೇಕ್ರಿ? ಅರಿಷಿಣ ಹಚ್ಚಿರ್ತಾರ" ಎಂದೆ ನಾನು.

 ಡಾಕ್ಟರಬಾಯಿ ಮೊದಲು ತೆಲುಗಿನಲ್ಲಿ ಏನೋ ಅಂದು, ನಂತರ ಕನ್ನಡದಲ್ಲಿ ಅತ್ತೆಗೆ ಹೇಳಿದರು: "ಈ ಹುಡುಗಿ ತಾಯಿ ತಂದಿ ಇಬ್ಬರ್ನೂ ಕರಕೊಂಡು ಬರ್ರಿ. ನಾಳಿ ಅನಬ್ಯಾಡ್ರಿ."

ಅತ್ತೆ ಸೇಡಂಗೆ ಹೋದಳು. ಅಲ್ಲಿ ದೊಡ್ಡ ರಾದ್ಧಾಂತವೇ ಆಯಿತಂತೆ. ಬಸುರಿಯ ರಕ್ತ ತೆಗೆದರೆ ಹೊಟ್ಟೆಯ ಕೂಸಿಗೆ ಏನು ಉಳಿಯುತ್ತದೆ ಎಂದು ಆಯಿ ಅಡ್ಡ ನಿಂತಳಂತೆ. ಅವ್ವ ಯಾರನ್ನೂ ಕೇಳದೆ ಸೆರಗು ಹೊದ್ದು ಹೊರಟಳಂತೆ. ಅಪ್ಪ ಹಿಂದೆ ಹಿಂದೆ ಬಂದ. ಇಬ್ಬರ ರಕ್ತವನ್ನೂ ತೆಗೆದು ಹೈದರಾಬಾದಿಗೆ ಕಳಿಸಿದರು. ಮೂರು ವಾರದ ಮೇಲೆ ಉತ್ತರ ಬಂದಾಗ ಅವ್ವ ಒಬ್ಬಳೇ ಬಂದು, ರಾವೂರಿನಿಂದ ನನ್ನನ್ನೂ ಕರೆದುಕೊಂಡು ಶಹಾಬಾದಿಗೆ ಹೋದಳು. ನನ್ನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಒಳಗೆ ಹೋದಳು. ಬಹಳ ಹೊತ್ತು ಮಾತಾಡಿದರು. ಹೊರಗೆ ಬಂದವಳು ನನ್ನ ಮುಂದೆ ನಿಂತು, ಸುಮ್ಮನೆ ನೋಡಿ, ಕೈ ಹಿಡಿದೆಬ್ಬಿಸಿದಳು.

"ನಡಿ, ಮನಿಗಿ ಹೋಗಮಿ."

"ರಾವೂರಿಗೇನು?"

"ರಾವೂರ್ಯಾಕ? ನಿನ್ನ ಮನಿಗಿ."

ಅತ್ತೆಯ ಮನೆಯಿಂದ ನನ್ನ ಗಂಟು ತೆಗೆದುಕೊಂಡು ವಾಡಿಯಲ್ಲಿ ರೈಲು ಹತ್ತಿದೆವು.  ಚಿತ್ತಾಪುರ ದಾಟಿದ ಮೇಲೆ ಅವ್ವ, ಜೋಳದ ಹೊಲಗಳನ್ನು ನೋಡುತ್ತಾ, ಡಾಕ್ಟರಬಾಯಿ ಹೇಳಿದ್ದನ್ನು ತನ್ನ ಮಾತಿನಲ್ಲಿ ನನಗೆ ಹೇಳಿದಳು. ನಾನು ಮುಂದೆ ದಪ್ಪ ಪುಸ್ತಕಗಳಲ್ಲಿ ಇದನ್ನು ಓದಿದ್ದೇನೆ, ಪರೀಕ್ಷೆಯಲ್ಲಿ ಬರೆದಿದ್ದೇನೆ. ಅವ್ವನಷ್ಟು ಸರಳವಾಗಿ ಯಾರೂ ಹೇಳಲಿಲ್ಲ.

"ನಿಮ್ಮಪ್ಪನ ರಕ್ತದಾಗ ಒಂದು ಗುರುತು ಅದಂತ. ನನ್ನ ರಕ್ತದಾಗ ಆ ಗುರುತು ಇಲ್ಲಂತ. ಹೊಟ್ಟ್ಯಾಗಿನ ಕೂಸು ಅಪ್ಪನ ಗುರುತು ಹಚಗೊಂಡು ಬಂದ್ರ ನನ್ನ ರಕ್ತ ಅದಕ್ಕ ಪರಕೀಯ ಅಂತ ತಿಳೀತದ. ಹೊರಗಿನ ಬ್ಯಾನಿ ಬಂದ್ರ ಮೈ ಹೆಂಗ ಬಡದಾಡ್ತದ, ಹಂಗೇ ಇದರ ಜೋಡಿನೂ ಬಡದಾಡ್ತದ. ಆ ಬಡಿಯೂ ನೀರು ಕರಳಬಳ್ಳಿ ಹಾದು ಕೂಸಿನ ಮೈಯಾಗ ಹೋಗಿ ಅದರ ಕೆಂಪು ಕಣ ಒಡೀತದ. ಒಡದದ್ದೇ ಹಳದಿ ಆಗ್ತದ. ಹೊಟ್ಟ್ಯಾಗ ಇರೂತನಕ ಆ ಹಳದಿ ನಾ ಹೊರತೀನಿ. ಹುಟ್ಟಿದ ಮ್ಯಾಲ ಕೂಸು ಒಂದೇ ಹೊರಬೇಕು. ಹೆಚ್ಚಾದ್ರ ತಲಿಗಿ ಏರ್ತದ."

"ಹಂಗಾದ್ರ ಸುಳಿ?"

"ಸುಳೀದೂ ಕೇಳ್ದೆ. ನಕ್ಕರು."

"ಹಾಲು?" ಎರಡನೆಯ ಕೂಸು ಹೋದಾಗ ಅವ್ವನ ಹಾಲು ವಿಷ ಎಂದೂ ಒಂದು ಮಾತು ಹುಟ್ಟಿತ್ತು.

"ಹಾಲೂ ಅಲ್ಲ. ರಕ್ತ."

"ಮತ್ತ ನಾ ಹೆಂಗ ಉಳದೆ?"

ಅವ್ವ ಕಿಟಕಿಯಿಂದ ಹೊರಗೇ ನೋಡುತ್ತಿದ್ದಳು. "ನೀ ಗಟ್ಟಿ ಹುಡುಗಿ" ಎಂದಳು. ನನಗೆ ಅಷ್ಟು ಸಾಕಾಯಿತು.

ಡಾಕ್ಟರಬಾಯಿ ಹೇಳಿದ್ದು ಮೂರು. ತಿಂಗಳು ತುಂಬುವ ಮೊದಲೇ ಹೈದರಾಬಾದಿನ ದೊಡ್ಡ ಆಸ್ಪತ್ರೆಗೆ ಹೋಗಿ ಇರಬೇಕು. ಅಲ್ಲಿ ಕೂಸಿನ ರಕ್ತ ತೆಗೆದು ಬೇರೆ ರಕ್ತ ಹಾಕುವವರು ಇದ್ದಾರೆ. ಒಂದು ವೇಳೆ ಮನೆಯಲ್ಲೇ ಹೆರಿಗೆಯಾದರೆ ಅರಿಷಿಣ ಮುಟ್ಟಿಸಬಾರದು. ಮತ್ತು ಹುಟ್ಟಿದ ದಿನವೇ ಕೂಸನ್ನು ಹಗಲು ಬೆಳಕಿಗೆ ತಂದು, ಹಣೆಯ ಮೇಲೆ ಬೆರಳಿನಿಂದ ಒತ್ತಿ ಬಿಟ್ಟು, ಆ ಜಾಗ ಬೆಳ್ಳಗಾಗುತ್ತದೋ ಹಳದಿಯಾಗುತ್ತದೋ ನೋಡಬೇಕು. ಮೊದಲ ದಿನ ಬಂದ ಹಳದಿ ಸಾಮಾನ್ಯ ಹಳದಿಯಲ್ಲ. ಒಂದು ದಿನ ತಡವಾದರೂ ಕೈಮೀರುತ್ತದೆ.

ಬಾಗಿಲಲ್ಲಿ ನನ್ನನ್ನು ಕಂಡು ಆಯಿ ಕೈಯಲ್ಲಿದ್ದ ಮೊರವನ್ನು ನೆಲಕ್ಕೆ ಕುಕ್ಕಿದಳು. "ಇದಕ್ಯಾಕ ತಂದಿ? ಈ ಸಲನೂ ಮಣ್ಣಿಗಿ ಇಡಬೇಕಂತ ಮಾಡೀಯೇನು?"

"ಆಕಿ ಮನ್ಯಾಗ ಇರ್ತಾಳ ಅತ್ತಿ. ಆಕಿ ಇಲ್ಲಂದ್ರ ನಾನೂ ಇಲ್ಲ" ಎಂದಳು ಅವ್ವ. ಅವ್ವ ಆಯಿಗೆ ಎದುರಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ದನಿ ಏರಿಸಲಿಲ್ಲ. ಒಳಗೆ ಹೋಗಿ ನನ್ನ ಗಂಟನ್ನು ಬಿಚ್ಚಿ ಲಂಗಗಳನ್ನು ಗೂಟಕ್ಕೆ ಹಾಕಿದಳು.

ಹೈದರಾಬಾದಿಗೆ ಹೊರಡುವ ದಿನವನ್ನು ಆಯಿ ಮುಂದಕ್ಕೆ ದೂಡುತ್ತಲೇ ಹೋದಳು. ಅಮಾವಾಸ್ಯೆ ಎಂದಳು, ದಿಕ್ಕು ಚೆನ್ನಾಗಿಲ್ಲ ಎಂದಳು, ಮನೆಯಲ್ಲಿ ಹೆರುವುದು ಬಿಟ್ಟು ಪರಊರಲ್ಲಿ ಹೆರುವುದೇನು ಎಂದಳು. ಅಪ್ಪ ಎಂದಿನಂತೆ ಆಕೆಗೊಮ್ಮೆ ಈಕೆಗೊಮ್ಮೆ ತಲೆಯಾಡಿಸಿದ. ಅಷ್ಟರಲ್ಲಿ ಒಂಬತ್ತು ತುಂಬುವ ಮೊದಲೇ, ಒಂದು ಬೆಳಗಿನ ಜಾವ ಅವ್ವನಿಗೆ ಬ್ಯಾನೆ ಸುರುವಾಯಿತು. ಬಿಸಿಲು ಬರುವಷ್ಟರಲ್ಲಿ ಹೆರಿಗೆಯೂ ಆಯಿತು. ಹೆಣ್ಣು.

ಅರಿಷಿಣ ಬೇಡ ಎಂದು ಅವ್ವ ಸೂಲಗಿತ್ತಿಗೆ ಮೊದಲೇ ಹೇಳಿದ್ದಳು. ಸೂಲಗಿತ್ತಿ ಹಚ್ಚಲೂ ಇಲ್ಲ. ಆದರೆ ಅವ್ವನಿಗೆ ಸುಸ್ತಾಗಿ ಜೊಂಪು ಹತ್ತಿದ ಹೊತ್ತು ನೋಡಿ ಆಯಿ ತಾನೇ ಬಟ್ಟಲು ಹಿಡಿದು ಬಂದು, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಎಂದಿಗಿಂತ ಎರಡು ಪಟ್ಟು ಬಳಿದುಬಿಟ್ಟಳು. ಅದು ದ್ವೇಷವಲ್ಲ ಎಂದು ಈಗ ಗೊತ್ತು. ಎರಡು ಮೊಮ್ಮಕ್ಕಳನ್ನು ಕಳೆದುಕೊಂಡ ಮುದುಕಿ, ತನಗೆ ಗೊತ್ತಿದ್ದ ಒಂದೇ ರಕ್ಷೆಯನ್ನು ಮೂರನೆಯದಕ್ಕೆ ದಪ್ಪಗೆ ಹಚ್ಚಿದಳು. ಆದರೆ ಆಗ ನನಗೆ ಅಷ್ಟು ದೊಡ್ಡ ಮನಸ್ಸಿರಲಿಲ್ಲ, ಇರಬೇಕಾಗಿಯೂ ಇರಲಿಲ್ಲ.

ಅವ್ವ ಕಣ್ಣು ಬಿಟ್ಟು ನೋಡಿದಳು. ಏಳಲು ಹೋದಳು, ಆಗಲಿಲ್ಲ. ನನ್ನನ್ನು ಕೂಗಿದಳು. ಬಾಣಂತಿ ಕೋಣೆಯ ಹೊಸ್ತಿಲು ನನಗೆ ನಿಷಿದ್ಧ. ನಾನು ದಾಟಿದೆ.

"ಕೂಸಿಗಿ ಹೊರಗ ಒಯ್ಯಿ. ಒರಸಿ ನೋಡು" ಎಂದಳು ಅವ್ವ.

ಹುಟ್ಟಿ ನಾಲ್ಕು ತಾಸಾಗದ ಕೂಸನ್ನು ಎತ್ತಿಕೊಂಡು ನಾನು ಅಂಗಳಕ್ಕೆ ಬಂದೆ. ಆಯಿ ಹಿಂದೆಯೇ ಬಂದಳು. "ಗಾಳಿ ಬಡೀತದ, ಕಣ್ಣು ಬೀಳ್ತದ, ಆಕಿ ಕೈಯಾಗ ಕೊಟ್ಟಾಳ, ಮುಗೀತು ಕತಿ" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದಳು. ಪಕ್ಕದ ಮನೆಯ ಮಾಳಿಗೆಯ ಮೇಲೆ ಹೆಂಗಸರು ಬಂದು ನಿಂತರು. ನಾನು ಕ್ಯಾರೇ ಅನ್ನಲಿಲ್ಲ. ಕಲ್ಲುಹಾಸಿನ ಮೇಲೆ ಕೂತು, ಉಗುರುಬೆಚ್ಚಗಿನ ನೀರಿನಲ್ಲಿ ಬಟ್ಟೆ ಅದ್ದಿ, ತಂಗಿಯ ಹಣೆ, ಕೆನ್ನೆ, ಎದೆ ಒರೆಸಿದೆ. ನೀರು ಹಳದಿಯಾಯಿತು. ಚೆಲ್ಲಿ ಮತ್ತೆ ತಂದೆ. ಮತ್ತೆ ಹಳದಿಯಾಯಿತು. ನಾಲ್ಕನೆಯ ಸಲ ನೀರು ತಿಳಿಯಾಗಿಯೇ ಉಳಿಯಿತು. ಬಟ್ಟೆಯೂ ಬೆಳ್ಳಗೆ ಉಳಿಯಿತು. ಆಗ ಬೆರಳಿನಿಂದ ಹಣೆಯನ್ನು ಒತ್ತಿ ಬಿಟ್ಟೆ.

ಬೆರಳಿದ್ದ ಜಾಗ ಹಳದಿ.

ಇನ್ನೊಮ್ಮೆ ಒತ್ತಿದೆ. ಮೂಗಿನ ತುದಿಯನ್ನು ಒತ್ತಿದೆ. ಹಳದಿ.  ಜೋರಾಗಿ, ಮಾಳಿಗೆಯವರಿಗೂ ಕೇಳುವಂತೆ ಕೂಗಿದೆ: "ಅಪ್ಪಾ! ಅರಿಷಿಣ ಹೋಗ್ಯದ, ಹಳದಿ ಹೋಗಿಲ್ಲ! ಬಂದು ನೋಡು!"

ಅಪ್ಪ ಬಂದು ನನ್ನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತ. ನಾನು ಒತ್ತಿ ತೋರಿಸಿದೆ. ತಾನೂ ಒತ್ತಿ ನೋಡಿದ.  ಎದ್ದು, ಅಂಗಿ ಹಾಕಿಕೊಂಡು, ಟಾಂಗಾ ತರಲು ಹೊರಟ. ಆಯಿ ತಲೆಬಾಗಿಲಿಗೆ ಅಡ್ಡ ನಿಂತಳು. ಹಸಿ ಬಾಣಂತಿ ಮೊದಲ ದಿನ ಹೊಸ್ತಿಲು ದಾಟಿದರೆ ಮನೆ ಉಳಿಯುತ್ತದೆಯೇ ಎಂದು ಕೇಳಿದಳು. ಕೊನೆಗೆ, "ಹೆಣ್ಣಿಗಿ ಇಷ್ಟು ಯಾಕ ಒದ್ದಾಡ್ತಿ?" ಎಂದಳು.

ಅಪ್ಪ ತಾಯಿಯ ಭುಜ ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದ. "ಯವ್ವಾ, ಬಾಜೂಕ ಸರಿ" ಎಂದ. ಅಷ್ಟೇ. ನಾನು ಅಪ್ಪನನ್ನು ಕ್ಷಮಿಸಿದ್ದು ಆ ಮಾತಿಗೆ.

ಅವ್ವನನ್ನು ಇಬ್ಬರು ಹಿಡಿದು ಟಾಂಗಾಕ್ಕೆ ಏರಿಸಿದರು. ನನ್ನನ್ನು ಬಿಟ್ಟುಹೋಗುವ ಮಾತೇ ಬರಲಿಲ್ಲ. ಕೂಸನ್ನು ಹಿಡಿಯುವವರು ಬೇಕಲ್ಲ. ಮಧ್ಯಾಹ್ನದ ಪ್ಯಾಸೆಂಜರ್ ಗಾಡಿಯಲ್ಲಿ, ತಾಂಡೂರು, ವಿಕಾರಾಬಾದ್ ದಾಟಿ ಹೈದರಾಬಾದ್ ಬರುವವರೆಗೆ ತಂಗಿ ನನ್ನ ತೊಡೆಯ ಮೇಲಿದ್ದಳು. ಒಂದೊಂದು ಸ್ಟೇಷನ್ನಿಗೂ ಹಣೆ ಒತ್ತಿ ನೋಡುತ್ತಿದ್ದೆ. ಹೊಟ್ಟೆಯವರೆಗೂ ಹಳದಿ ಇಳಿದಿತ್ತು. ಆದರೆ ಹಾಲು ಕುಡಿಯುತ್ತಿದ್ದಳು, ಗಟ್ಟಿಯಾಗಿ ಅಳುತ್ತಿದ್ದಳು. ಹೋದವರಿಬ್ಬರ ಅಳು ನನಗೆ ಗೊತ್ತಿತ್ತು. ಇದು ಆ ಅಳುವಲ್ಲ. ಅವಳು ಅತ್ತಾಗಲೆಲ್ಲ ನಾನು, "ಅಳು, ಇನ್ನಾ ಜೋರ ಅಳು" ಎನ್ನುತ್ತಿದ್ದೆ. ಡಬ್ಬಿಯಲ್ಲಿದ್ದವರು ಇದೆಂಥ ಹುಡುಗಿ ಎಂಬಂತೆ ನೋಡಿದರು.

ದೀಪ ಹಚ್ಚುವ ಹೊತ್ತಿಗೆ ದೊಡ್ಡ ದವಾಖಾನೆ ಸೇರಿದೆವು. ಶಹಾಬಾದಿನ ಡಾಕ್ಟರಬಾಯಿ ಬರೆದುಕೊಟ್ಟ ಚೀಟಿ ಅವ್ವನ ಸೆರಗಿನಲ್ಲಿತ್ತು. ಅದನ್ನು ಓದಿದ್ದೇ ಓಡಾಟ ಸುರುವಾಯಿತು. ಅಪ್ಪ ಅಂಗಿಯ ತೋಳು ಮಡಚಿ, "ನನ್ನ ರಕ್ತ ತಗೋರಿ, ಎಷ್ಟು ಬೇಕಾದರೂ ತಗೋರಿ" ಎಂದು ಮುಂದೆ ಹೋದ. ನಿಮ್ಮದೊಂದೇ ಬೇಡ ಎಂದರು ಅಲ್ಲಿಯ ಡಾಕ್ಟರು. ಅಪ್ಪನ ರಕ್ತದ ಗುರುತಿನ ಮೇಲೆಯೇ ಅಲ್ಲವೇ ಜಗಳ. ಆ ಗುರುತಿಲ್ಲದ ರಕ್ತ ಬೇಕಿತ್ತು, ಅಂಥವರು ಕಡಿಮೆ. ಆಸ್ಪತ್ರೆಯಲ್ಲೇ ಕಸ ಗುಡಿಸುವ ಒಬ್ಬ ಹೆಂಗಸಿನದು ಸರಿಹೊಂದುತ್ತದೆ ಎಂದು ಅವರಿಗೆ ಗೊತ್ತಿತ್ತು. ಅವಳು ಬಂದು, ಪೊರಕೆಯನ್ನು ಗೋಡೆಗೆ ಒರಗಿಸಿ, ಒಳಗೆ ಹೋಗಿ ಮಲಗಿದಳು. ಹೊರಗೆ ಬಂದಾಗ ಒಂದು ಲೋಟ ಚಹಾ ಕುಡಿದು ಮತ್ತೆ ಪೊರಕೆ ಹಿಡಿದಳು. ಅವಳ ಮುಖ ನನಗೆ ಇಂದಿಗೂ ನೆನಪಿದೆ. ಅವಳಿಗೆ ನಾವು ಯಾರೂ ಕೈಮುಗಿಯಲಿಲ್ಲ, ಗಾಬರಿಯಲ್ಲಿ ಹೊಳೆಯಲೇ ಇಲ್ಲ.

ಹೊಕ್ಕುಳಬಳ್ಳಿಯ ತುದಿಯಿಂದ ಸಣ್ಣ ನಳಿಗೆ ಹಾಕಿ, ಒಂದು ಸಿರಿಂಜಿನಷ್ಟು ರಕ್ತ ತೆಗೆಯುವುದು, ಅಷ್ಟೇ ಹೊಸ ರಕ್ತ ಹಾಕುವುದು, ಮತ್ತೆ ತೆಗೆಯುವುದು. ಹೀಗೆ ತಾಸುಗಟ್ಟಲೆ. ಎರಡು ದಿನದ ಮೇಲೆ ಹಳದಿ ಏರಿದಾಗ ಇನ್ನೊಮ್ಮೆ ಮಾಡಿದರು. ಐದನೆಯ ದಿನ ದಾಟಿತು. ಆರನೆಯ ದಿನ ಅವ್ವ ಕೂಸನ್ನು ಕಿಟಕಿಯ ಹತ್ತಿರ ಎತ್ತಿ ಹಿಡಿದು ನನಗೆ ತೋರಿಸಿದಳು. ಕೂಸಿನ ನಿಜವಾದ ಬಣ್ಣ ನಮ್ಮ ಮನೆಯಲ್ಲಿ ಯಾರಾದರೂ ನೋಡಿದ್ದು ಅದೇ ಮೊದಲು. ನಮ್ಮಪ್ಪನಂತೆ ಕಪ್ಪಗಿದ್ದಳು.

ಮೂರು ವಾರದ ಮೇಲೆ ಸೇಡಂಗೆ ಬಂದಾಗ ಓಣಿಯ ಹೆಂಗಸರೆಲ್ಲ ನೋಡಲು ಬಂದರು. ಆಯಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಅಡಿಯಿಂದ ಮುಡಿಯವರೆಗೆ ನೋಡಿದಳು, ನೆಟಿಗೆ ಮುರಿದಳು, ಒಂದಿಷ್ಟು ಅತ್ತಳು. ಆಮೇಲೆ ಕೇಳಿದಳು, "ಯಾರ ರಕ್ತ ಹಾಕ್ಯಾರ?" ಅವ್ವ ಇದ್ದದ್ದನ್ನು ಇದ್ದಂತೆ ಹೇಳಿದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಕೊರಳಾಗ ಲಿಂಗ ಕಟಗೊಂಡು ಕುಲ ಕೇಳ್ತೀರೇನು? ಕೂಸಿನ ಮೈಯಾಗ ಇರೂದು ಈಗ ಕೂಸಿನ ರಕ್ತ" ಎಂದಳು ಅವ್ವ. 

ಆಯಿ ಅಷ್ಟಕ್ಕೇ ಬಿಡಲಿಲ್ಲ. "ಇರಲಿ. ಡಾಕ್ಟರ ಏನಂದ? ದೋಷ ಯಾರದಂತ?" ಕೇಳಿದ್ದು ಅವ್ವನನ್ನು, ಕಣ್ಣಿಟ್ಟದ್ದು ನನ್ನ ಮೇಲೆ. ಬಂದ ಹೆಂಗಸರೆಲ್ಲರ ಕಣ್ಣೂ ನನ್ನ ಕಡೆ ತಿರುಗಿದವು. ನನಗೆ ಗೋಡೆಗೆ ಬೆನ್ನು ಹಚ್ಚಿ ನಿಲ್ಲಬೇಕೆನಿಸಿತು. ರಾವೂರಿನ ದಾರಿ ಇನ್ನೂ ಮುಚ್ಚಿರಲಿಲ್ಲ ಎಂದು ಆಗ ಅರ್ಥವಾಯಿತು.

"ನಂದು" ಎಂದಳು ಅವ್ವ. "ನನ್ನ ರಕ್ತದ್ದು. ಪೂರಾ ನಂದೇ. ಇಕಿ ಸುಳಿಗಿ ಇದಕ್ಕ ಏನೂ ಸಂಬಂಧಿಲ್ಲ. ಇನ್ನೊಮ್ಮಿ ಯಾರರೇ ಇಕಿ ಬೆನ್ನು ನೋಡಿದ್ರ ನಾ ಸುಮ್ಮನಿರಂಗಿಲ್ಲ."

ಆ ಮಾತು ಓಣಿ ದಾಟಿತು, ಊರು ದಾಟಿತು. ಮಕ್ಕಳನ್ನು ತಿನ್ನುವ ರಕ್ತ ಎಂದು ಅವ್ವನಿಗೆ ಹೆಸರು ಬಂತು. ತೊಟ್ಟಿಲಿಗೆ ಹಾಕುವ ಮನೆಗಳಿಗೆ ಅವಳನ್ನು ಕರೆಯುವುದನ್ನು ಬಿಟ್ಟರು. ಚಿಂಚೋಳಿ ತಾಲೂಕಿನ ಚಿಮ್ಮನಚೋಡದಿಂದ ಅಪ್ಪನಿಗೆ ಇನ್ನೊಂದು ಹೆಣ್ಣಿನ ಪ್ರಸ್ತಾಪವೂ ಬಂತು. ಅಪ್ಪ ಒಪ್ಪಲಿಲ್ಲ. ಅವ್ವ ಪ್ರಸ್ತಾಪ ತಂದವರಿಗೆ ಊಟಕ್ಕೆ ಬಡಿಸಿ, "ಹೌದ್ರಿ, ನನ್ನ ರಕ್ತ ಅಂಥಾದ್ದೇ. ಹೋಳಿಗಿ ಇನ್ನೊಂದು ಹಾಕ್ಲೇನು?" ಎಂದು ಕೇಳಿ ಕಳಿಸಿದಳು. ನಾನು ಮಾತ್ರ ಆ ಮನೆಯಲ್ಲೇ ಉಳಿದೆ. ಶಾಲೆಗೆ ಹೋದೆ, ತಂಗಿಯನ್ನು ಎತ್ತಿ ಆಡಿಸಿದೆ. ನನ್ನ ಬೆನ್ನ ಮಾತು ಮತ್ತೆ ಯಾರೂ ಎತ್ತಲಿಲ್ಲ.

ವರ್ಷಗಳ ಮೇಲೆ ಗುಲ್ಬರ್ಗಾದಲ್ಲಿ ನರ್ಸಿಂಗ್ ಕಲಿಯಲು ಸೇರಿದೆ. ಒಂದು ದಿನ ನಮ್ಮ ಟೀಚರು ಕಪ್ಪು ಹಲಗೆಯ ಮೇಲೆ ಒಂದು ದೊಡ್ಡ ವೃತ್ತ, ಅದರೊಳಗೆ ಒಂದು ಚಿಕ್ಕ ವೃತ್ತ ಬರೆದರು. ತಾಯಿ, ಕೂಸು. ಬಸುರಿನಲ್ಲಿ ಇಬ್ಬರ ರಕ್ತ ಸಾಮಾನ್ಯವಾಗಿ ಕೂಡುವುದಿಲ್ಲ ಎಂದರು. ಕೂಡುವುದು ಹೆಚ್ಚಾಗಿ ಹೆರಿಗೆಯ ಹೊತ್ತಿನಲ್ಲಿ. ಮೊದಲ ಕೂಸಿನ ಕೆಲವು ಹನಿ ರಕ್ತ ತಾಯಿಯ ಮೈಗೆ ದಾಟುತ್ತದೆ. ತಾಯಿಯ ರಕ್ತ ಆ ಗುರುತಿನ ಜೊತೆ ಬಡಿದಾಡಲು ಕಲಿಯುವುದು ಆವಾಗ. ಅಷ್ಟರಲ್ಲಿ ಮೊದಲ ಕೂಸು ಹುಟ್ಟಿ ಪಾರಾಗಿರುತ್ತದೆ. ಕಲಿತ ಪಾಠವನ್ನು ಅನುಭವಿಸುವವರು ಅದರ ಹಿಂದೆ ಹುಟ್ಟಿದವರು.

ಪೆನ್ನು ಕೈಯಲ್ಲೇ ನಿಂತಿತು. ಅಂದರೆ ಆಯಿ ಸುಳಿಯಲ್ಲಿ ನೋಡಿದ್ದು ಸುಳ್ಳು, ಆದರೆ ಬೆರಳು ತೋರಿಸಿದ್ದು ಸರಿಯಾದವಳ ಕಡೆಗೇ. ಸುರುವಾದದ್ದು ನನ್ನಿಂದ.  ಸಿಟ್ಟು ಬಂತು, ಮತ್ತು ಆ ಸಿಟ್ಟೇ ನನ್ನನ್ನು ಉಳಿಸಿತು. ನಾನು ಹುಟ್ಟಿದೆ, ಅಷ್ಟೇ. ಹುಟ್ಟಿದ್ದಕ್ಕೆ ನಾನು ಯಾರಲ್ಲೂ ತಪ್ಪಾಯಿತು ಎಂದು ಕೇಳುವುದಿಲ್ಲ. ಅಂದೂ ಕೇಳಲಿಲ್ಲ, ಇಂದೂ ಕೇಳುವುದಿಲ್ಲ. ಆದರೆ ಒಂದು ಪ್ರಶ್ನೆ ಕೇಳುವುದಿತ್ತು. ಆ ವಾರದ ರಜೆಗೆ ಊರಿಗೆ ಹೋದೆ. ಅಷ್ಟೊತ್ತಿಗೆ ಆಯಿ ತೀರಿಕೊಂಡಿದ್ದಳು. ಅವ್ವ ಒಲೆಯ ಮುಂದೆ ಕೊಣಮಿಗೆಯಲ್ಲಿ ಜೋಳದ ಹಿಟ್ಟು ನಾದುತ್ತಿದ್ದಳು.

"ಅವ್ವಾ, ಡಾಕ್ಟರಬಾಯಿ ನಿನಗ ಮೊದಲನೇ ಹೆರಿಗಿದು ಏನರೇ ಹೇಳಿದ್ರೇನು?"

ಅವ್ವನ ಕೈ ನಿಲ್ಲಲಿಲ್ಲ. "ಹೇಳಿದ್ರು."

"ಅಂದ್ರ ನನ್ನಿಂದ ಸುರು ಆತು ಅಂಬೂದು ನಿನಗ ಶಹಾಬಾದದಾಗೇ ಗೊತ್ತಿತ್ತು."

"ಗೊತ್ತಿತ್ತು."

"ಮತ್ತ ಊರಿಗೆಲ್ಲ ನಂದು ನಂದು ಅಂತ ಯಾಕ ಹೊತಗೊಂಡಿ? ಎಷ್ಟು ಅನಸಗೊಂಡಿ!"

ಅವ್ವ ಹಿಟ್ಟಿನ ಕೈಯನ್ನು ಕೊಣಮಿಗೆಯ ಅಂಚಿಗೆ ಒರೆಸಿ, ನನ್ನ ಕಡೆ ತಿರುಗಿದಳು. ಮುಖದಲ್ಲಿ ಮರುಕವಿರಲಿಲ್ಲ, ಸಿಟ್ಟಿತ್ತು. ಇಷ್ಟು ಓದಿದ ಹುಡುಗಿಗೆ ಇಷ್ಟೂ ತಿಳಿಯಲಿಲ್ಲವೇ ಎಂಬ ಸಿಟ್ಟು.

"ಹೆರೂ ಹೊತ್ತಿನ್ಯಾಗ ನಿನ್ನ ನಾಕು ಹನಿ ರಕ್ತ ನನ್ನ ಮೈಯಾಗ ಬಂತು. ನನ್ನ ಮೈಯಾಗ ಬಂದ ಮ್ಯಾಲ ಅದು ಯಾರದು? ನಂದೇ. ನಾ ಏನು ಸುಳ್ಳು ಹೇಳೀನಿ? ಎರಡು ಮಣ್ಣಿಗಿ ಕೊಟ್ಟಿದ್ದೆ. ಖರೇ ಹೇಳಿ ನಿನಗೂ ಊರಿನ ಬಾಯಿಗಿ ಕೊಡ್ಲಾಕ ನನಗೇನು ಹುಚ್ಚ ಹಿಡದಿತ್ತೇನು?"